ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಬೇಡಿ

ಪ್ರಶ್ನೆ: ಎರಡಡಿ ಟ್ಯಾಂಕಿನಲ್ಲಿ ಮೂರು ಗೋಲ್ಡ್ ಫಿಶ್ ವರ್ಷದಿಂದ ಆರೋಗ್ಯವಾಗಿದ್ದವು. ಈಚೆಗೆ ಎರಡು ಒರಾಂಡಾ (ಗೋಲ್ಡ್ ಫಿಶ್‌ನದೇ ಒಂದು ತಳಿ) ತಂದು ಬಿಟ್ಟೆ. ನಾಲ್ಕನೇ ದಿನಕ್ಕೆ ಒಂದರ ಬಾಲದ ಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿದೆ. ಎರಡು ದಿನಕ್ಕೆ ಚುಕ್ಕೆ ಹೋಯಿತು, ಔಷಧಿ ನಿಲ್ಲಿಸಿದೆ. ಈಗ ಮೊದಲಿಗಿಂತ ಹೆಚ್ಚು ಚುಕ್ಕೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆ. ಅದೊಂದನ್ನು ಬೇರೆ ಟಬ್‌ಗೆ ಹಾಕಲೇ? ಅರಿಶಿನ ಹಾಕಬಹುದೇ? – ಓದುಗರು, ಮೈಸೂರು

ಉತ್ತರ: ನೀವು ಹೇಳಿದ ಲಕ್ಷಣಗಳೆಲ್ಲ ಬಿಳಿ ಚುಕ್ಕೆ ರೋಗದವು, ಸಾಕುವವರ ಮಾತಿನಲ್ಲಿ ಇದು 'ಇಕ್'. ಆದರೂ ಒಮ್ಮೆ ಹತ್ತಿರದಿಂದ ನೋಡಿ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿದ್ದು ಮೀನು ಲವಲವಿಕೆಯಿಂದಿದ್ದರೆ ಅದು ರೋಗವಲ್ಲ. ಸಂತಾನದ ಕಾಲಕ್ಕೆ ಗಂಡು ಗೋಲ್ಡ್ ಫಿಶ್‌ಗೆ ಬರುವ ಗುಳ್ಳೆ. ನಿಮ್ಮ ಮೀನಿನ ಚುಕ್ಕೆ ಬಾಲದಲ್ಲಿ ಶುರುವಾಗಿ ಹೆಚ್ಚಿರುವುದರಿಂದ ಆ ಅನುಮಾನ ಕಡಿಮೆ.

ಎರಡು ದಿನಕ್ಕೆ ಚುಕ್ಕೆ ಹೋದದ್ದು ಔಷಧಿಯಿಂದಲ್ಲ. ನಿಮಗೆ ಕಾಣುವ ಚುಕ್ಕೆ ಮೀನಿನ ಚರ್ಮದೊಳಗೆ ಕುಳಿತು ಬೆಳೆಯುತ್ತಿರುವ ಏಕಕೋಶ ಪರಾವಲಂಬಿ. ಅಲ್ಲಿದ್ದಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ತಾನಾಗಿಯೇ ಕಳಚಿ ತಳದ ಕಲ್ಲುಗಳ ಮೇಲೆ ಕೂತು, ಸುತ್ತ ಕವಚದಂಥ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತ ಎರಡು ದಿನದೊಳಗೆ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿಯಾಗಲಿ ಉಪ್ಪಾಗಲಿ ಕೊಲ್ಲುವುದು ಈ ಈಜುವ ಹಂತವನ್ನು ಮಾತ್ರ. ನೀವು ನಿಲ್ಲಿಸಿದ್ದು ಸರಿಯಾಗಿ ಅದು ಬೇಕಾಗಿದ್ದ ಹೊತ್ತಿಗೆ.

ಹಾಗಾಗಿ ಒಂದೇ ಮೀನನ್ನು ಎತ್ತಿ ಟಬ್‌ಗೆ ಹಾಕಿ ಪ್ರಯೋಜನವಿಲ್ಲ. ತಳದಲ್ಲಿ ಕೋಶಗಳಿವೆ, ಹತ್ತಲು ಇನ್ನೂ ನಾಲ್ಕು ಮೀನುಗಳಿವೆ. ಚಿಕಿತ್ಸೆ ಆಗಬೇಕಾದ್ದು ಇಡೀ ಟ್ಯಾಂಕಿಗೆ.

ಉಪ್ಪಿಗೂ ಮುಂಚೆ ಅಮೋನಿಯಾ ನೋಡಿ. ಮೀನು ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಕಿವಿರಿಗೆ ಹತ್ತಿದ ಪರಾವಲಂಬಿಯಷ್ಟೇ ಕಾರಣವಾಗಿರಬೇಕಿಲ್ಲ. ಮೂರು ಮೀನಿದ್ದಲ್ಲಿ ಐದಾದವು; ಜೊತೆಗೆ ನೀಲಿ ಔಷಧಿ ಮಿಥಿಲೀನ್ ಬ್ಲೂ ಆಗಿದ್ದರೆ, ಫಿಲ್ಟರ್‌ನಲ್ಲಿ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಕ್ಕೂ ಅದು ಪೆಟ್ಟು ಕೊಟ್ಟಿರುತ್ತದೆ. ಅಂಗಡಿಯಲ್ಲಿ ಸಿಗುವ, ಅಮೋನಿಯಾ ಪರೀಕ್ಷಿಸುವ ಹನಿ ಕಿಟ್‌ನಲ್ಲಿ ನೀರು ಹಸಿರಿಗೆ ತಿರುಗಿದರೆ ಅಂದೇ ಮೂರನೇ ಒಂದು ಭಾಗ ನೀರು ಬದಲಿಸಿ. ಬೋರ್‌ವೆಲ್ ನೀರಿನ ಪಿಎಚ್ ಹೆಚ್ಚಿದ್ದರೆ ಇನ್ನೂ ಎಚ್ಚರ ಬೇಕು; ಅಂಥ ನೀರಿನಲ್ಲಿ ಅಷ್ಟೇ ಅಮೋನಿಯಾ ಹೆಚ್ಚು ವಿಷ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕದೆ ಬಿಡಬೇಡಿ. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯುವುದೂ ಬೇಡ, ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಈಗ ಲೆಕ್ಕ. 60×30×30 ಸೆಂ.ಮೀ. ಟ್ಯಾಂಕಿಗೆ 54 ಲೀಟರ್ ಅನ್ನುತ್ತಾರೆ. ತಳದ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ ಇರುವುದು ಸುಮಾರು 45 ಲೀಟರ್. ಗೋಲ್ಡ್ ಫಿಶ್‌ಗೆ ಲೀಟರಿಗೆ 3 ಗ್ರಾಂ ಉಪ್ಪು, ಅಂದರೆ ಒಟ್ಟು 135 ಗ್ರಾಂ. ಸಾದಾ ಕಲ್ಲುಪ್ಪೇ ಸಾಕು. ಚಮಚದ ಲೆಕ್ಕ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದೇ ಸಲ ಸುರಿಯದೆ, 45 ಗ್ರಾಂನಂತೆ ಹನ್ನೆರಡು ಗಂಟೆಗೊಮ್ಮೆ ಮೂರು ಸಲ, ಮಗ್‌ನಲ್ಲಿ ಪೂರ್ತಿ ಕರಗಿಸಿ ಫಿಲ್ಟರ್‌ನ ನೀರು ಬೀಳುವ ಕಡೆ ಹಾಕಿ. ಸಕ್ಕರ್ ಫಿಶ್ ಇದ್ದರೆ ಲೀಟರಿಗೆ 1 ಗ್ರಾಂ ದಾಟಬೇಡಿ. ಜೀವಂತ ಗಿಡಗಳನ್ನು ತೆಗೆದು ಮೀನಿಲ್ಲದ ಬಕೆಟ್‌ನಲ್ಲಿಡಿ.

ಹೀಟರ್ ಇಟ್ಟು ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 27ಕ್ಕೆ ತಂದು ಅಲ್ಲೇ ನಿಲ್ಲಿಸಿ. ಈ ಗಾತ್ರಕ್ಕೆ 50 ವ್ಯಾಟ್ ಸಾಕು. ಬೆಚ್ಚಗಿದ್ದಷ್ಟೂ ಪರಾವಲಂಬಿ ಬೇಗ ಕಳಚುತ್ತದೆ: 25 ಡಿಗ್ರಿ ಆಸುಪಾಸಿನಲ್ಲಿ ಒಂದು ಸುತ್ತು ವಾರದೊಳಗೆ ಮುಗಿದರೆ, ತಣ್ಣಗಿನ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. 30 ಡಿಗ್ರಿಗೆ ಏರಿಸುವ ಸಲಹೆ ಏಂಜೆಲ್, ಮಾಲಿಯಂಥ ಮೀನುಗಳಿಗೆ. ಉಸಿರಿಗೆ ಕಷ್ಟಪಡುತ್ತಿರುವ ಒರಾಂಡಾಕ್ಕೆ ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಏರ್ ಪಂಪ್ ರಾತ್ರಿಯೂ ಓಡಲಿ. ಹೀಟರ್ ಮೇಲಿನ ಅಂಕಿ ನಂಬದೆ ಥರ್ಮಾಮೀಟರ್ ನೋಡಿ. ಕೈ ಅದ್ದುವ ಮುಂಚೆ ಪ್ಲಗ್ ಕಿತ್ತಿಡಿ.

ದಿನ ಬಿಟ್ಟು ದಿನ ಸೈಫನ್ ಪೈಪಿನಿಂದ ಕಲ್ಲುಗಳ ನಡುವಿನ ಕೊಳೆ ಎಳೆದು 10 ಲೀಟರ್ ತೆಗೆಯಿರಿ. ಬಹಳಷ್ಟು ಕೋಶಗಳು ಅಲ್ಲೇ ಇರುವುದರಿಂದ ಔಷಧಿಯಷ್ಟೇ ಕೆಲಸ ಇದೂ ಮಾಡುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲ. ಹೊಸದಾಗಿ ಹಾಕುವ 10 ಲೀಟರಿಗೆ 30 ಗ್ರಾಂ ಮಾತ್ರ ಸೇರಿಸಿ. ಪ್ರತಿ ಸಲವೂ ಪೂರ್ತಿ ಲೆಕ್ಕದ ಉಪ್ಪು ಹಾಕಿ ಮೀನು ಕಳೆದುಕೊಳ್ಳುವವರು ಬಹಳ ಮಂದಿ.

ಅರಿಶಿನ ನೀರಿನಲ್ಲಿ ಕರಗುವುದೇ ಇಲ್ಲ, ತಳದಲ್ಲಿ ಕೂತು ನೀರು ಕೆಡಿಸುತ್ತದೆ. ಕೆಲವರು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕುತ್ತಾರೆ, ಅದು ಬ್ಯಾಕ್ಟೀರಿಯಾದ ಮದ್ದು, ಇದಕ್ಕೆ ಸಂಬಂಧವಿಲ್ಲ. ಉಪ್ಪು ಪೂರ್ತಿಯಾಗಿ ಐದು ದಿನವಾದರೂ ಹೊಸ ಚುಕ್ಕೆ ಏರುತ್ತಲೇ ಇದ್ದರೆ ಮಲಕೈಟ್ ಗ್ರೀನ್ ಇರುವ ಔಷಧಿಗೆ ಹೋಗಿ. ಬಾಟಲಿಯ ಮೇಲಿನ ಪ್ರಮಾಣ ಮೀರಬೇಡಿ. ಫಿಲ್ಟರ್‌ನಲ್ಲಿ ಇದ್ದಿಲಿನ ಪೊಟ್ಟಣ ಇದ್ದರೆ ತೆಗೆಯಿರಿ, ಇಲ್ಲವಾದರೆ ಹಾಕಿದ ಮದ್ದನ್ನು ಅದೇ ಹೀರಿಕೊಳ್ಳುತ್ತದೆ. ಮಲಕೈಟ್ ಗ್ರೀನ್ ಮನುಷ್ಯರಿಗೂ ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ.

ಮೊದಲ ದಿನ ಆಹಾರ ಬೇಡ. ಆಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಹಾಕಿ.

ಕೊನೆಯ ಚುಕ್ಕೆ ಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಇನ್ನೂ ಹತ್ತು ದಿನ ಉಪ್ಪು, ಶಾಖ ಎರಡನ್ನೂ ಹಾಗೇ ಇಡಿ. ನಡುವೆ ಒಂದು ಚುಕ್ಕೆ ಕಂಡರೂ ಎಣಿಕೆ ಮೊದಲಿನಿಂದ. ಮುಗಿದ ಮೇಲೆ ಉಪ್ಪಿಲ್ಲದ ನೀರಿನಿಂದ ಕಾಲು ಭಾಗದಂತೆ ದಿನ ಬಿಟ್ಟು ದಿನ ಬದಲಿಸಿದರೆ ಉಪ್ಪು ಇಳಿಯುತ್ತದೆ. ಆಗ ರೆಕ್ಕೆಯ ಅಂಚು ಹರಿದಂತೆ ಕಂಡರೆ ಗಾಬರಿ ಬೇಡ, ನೀರು ಶುದ್ಧವಿದ್ದರೆ ಬೆಳೆದುಕೊಳ್ಳುತ್ತದೆ. ಹತ್ತಿಯಂಥದ್ದು ಬೆಳೆದರೆ ಮಾತ್ರ ಅದು ಬೇರೆ ಸೋಂಕು.

ಮುಂದೆ ಮೀನು ತಂದಾಗ 40 ಲೀಟರಿನ ಪ್ಲಾಸ್ಟಿಕ್ ಟಬ್, ಹಳೆಯ ಟ್ಯಾಂಕಿನಲ್ಲಿ ಮೊದಲೇ ಓಡಿಸಿಟ್ಟ ಸ್ಪಂಜ್ ಫಿಲ್ಟರ್, ಒಂದು ಹೀಟರ್ ಸಿದ್ಧವಿರಲಿ. ಮೂರರಿಂದ ನಾಲ್ಕು ವಾರ ಅಲ್ಲೇ ಇಡಿ. ಅಂಗಡಿಯ ಕವರಿನ ನೀರು ಟ್ಯಾಂಕಿಗೆ ಬೀಳಬಾರದು. ಬಲೆ ಎರಡಕ್ಕೂ ಬೇರೆ ಬೇರೆ ಇಟ್ಟುಕೊಳ್ಳಿ. ಒಂದೇ ಇದ್ದರೆ ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಬಳಸಿ, ಒಣಗಿದ ಕಡೆ ಈ ಪರಾವಲಂಬಿ ಬದುಕುವುದಿಲ್ಲ.