ಹೂಳಿದವರ ಪುಸ್ತಕವನ್ನೂ ತೆರೆಯಿರಿ

ಇಂಗ್ಲೆಂಡಿನ ಸಣ್ಣ ಹಳ್ಳಿಗಳಲ್ಲಿ ತಮ್ಮ ಪೂರ್ವಿಕರನ್ನು ಹುಡುಕುತ್ತಿರುವ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತಪ್ಪಿನಿಂದ ಹುಟ್ಟಿದವು: ಮಗುವಿನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನಮೂದು ಸಿಕ್ಕೊಡನೆ, ಚರ್ಚಿನವರು ಹೂಳಿದವರ ಹೆಸರು ಬರೆದಿಡುವ ಸಮಾಧಿಯ ರಿಜಿಸ್ಟರ್ ನೋಡದೆ ಮುಂದೆ ಹೋಗುವುದು. ಅದಕ್ಕಾಗಿ ಈ ಸಲ ಒಂದು ಪ್ರಶ್ನೆಗೆ ಸಾವಕಾಶವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು; ಜನಗಣತಿಯ ಹಾಳೆಗಳನ್ನು ಎಲ್ಲಿ ನೋಡಬೇಕು ಎಂಬುದು ತಮಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಯ ಮುತ್ತಜ್ಜ 1880ರ ದಶಕದಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಕೋಲಾರದ ಚಿನ್ನದ ಗಣಿಗೆ ಬಂದವರು. ಇಲ್ಲಿ ನಡೆದ ಅವರ ಮದುವೆಯ ದಾಖಲೆಯಲ್ಲಿ ತಂದೆಯ ಹೆಸರು ವಿಲಿಯಂ ಎಂದಿದೆ. 1861ರ ಜನಗಣತಿಯಲ್ಲಿ ಆ ವಿಲಿಯಂ ಸಿಕ್ಕಿದ್ದಾರೆ: ವಯಸ್ಸು 49, ಗಣಿ ಕೆಲಸ, ಹುಟ್ಟೂರು ಝೆನ್ನರ್, ಮನೆಯಲ್ಲಿ 8 ವರ್ಷದ ಮಗ, ಅಂದರೆ ನಮ್ಮ ಮುತ್ತಜ್ಜ. ಝೆನ್ನರ್ ಚರ್ಚಿನಲ್ಲಿ 1811ರಲ್ಲಿ ಅದೇ ಹೆಸರಿನ ಒಂದೇ ಒಂದು ಮಗುವಿಗೆ ದೀಕ್ಷಾಸ್ನಾನವಾಗಿದೆ. ಅಂತರಜಾಲದಲ್ಲಿ ಯಾರೋ ಹಾಕಿರುವ ವಂಶವೃಕ್ಷವು ಆ ಮಗುವಿನಿಂದ ಹಿಂದಕ್ಕೆ 1600ರ ಆಸುಪಾಸಿನವರೆಗೆ ಹೋಗುತ್ತದೆ. ಅದನ್ನು ಹಾಗೆಯೇ ತೆಗೆದುಕೊಳ್ಳಬಹುದೆ? (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಬೇಡ. 1861ರವರೆಗೆ ನೀವು ಮಾಡಿರುವ ಕೆಲಸ ಗಟ್ಟಿಯಾಗಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಬಂದ ಮೇಲೆ ಕಾರ್ನ್‌ವಾಲ್‌ನ ಗಣಿಗಾರರು ಅದರ ಹಿಂದೆಯೇ ಬಂದರು. ಅಂಥವರ ಚರ್ಚ್ ಮದುವೆಗಳ ಪ್ರತಿಗಳು ಮದ್ರಾಸ್ ಪ್ರೆಸಿಡೆನ್ಸಿಯ ಕಡತಗಳೊಂದಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗನಿಂದ ತಂದೆಗೆ, ತಂದೆಯಿಂದ ಹುಟ್ಟೂರಿಗೆ ದಾಖಲೆ ಹಿಡಿದು ನಡೆದವರು, 1811ರ ಕೂಸಿನ ಮುಂದೆ ಬಂದಾಗ ಮಾತ್ರ ದಾಖಲೆಯನ್ನು ಬಿಟ್ಟು ಜಿಗಿದಿದ್ದೀರಿ.

ಸಮಾಧಿಯ ರಿಜಿಸ್ಟರ್ ನೋಡಿದಿರಾ ಎಂದು ನಾನು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ನಮ್ಮ ಪೂರ್ವಿಕರು ಬದುಕಿ, ಮದುವೆಯಾಗಿ, ಮಕ್ಕಳನ್ನು ಹೆತ್ತವರಲ್ಲವೆ, ಅವರನ್ನು ಸತ್ತ ಮಕ್ಕಳ ಪಟ್ಟಿಯಲ್ಲಿ ಏಕೆ ಹುಡುಕಬೇಕು?’ ನಿಮ್ಮ ಪೂರ್ವಿಕ ಬದುಕಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. 1811ರ ಆ ಕೂಸು ಬದುಕಿತೇ ಎಂಬುದು ಪ್ರಶ್ನೆ. ಅದು ಮೂರನೆಯ ವರ್ಷಕ್ಕೆ ಮಣ್ಣಾಗಿದ್ದರೆ ಅದರಿಂದ ಹಿಂದಕ್ಕೆ ಕಟ್ಟಿದ ಇನ್ನೂರು ವರ್ಷದ ವಂಶಾವಳಿ ಬೇರೆಯವರ ಮನೆಯದಾಗುತ್ತದೆ.

ಪುಸ್ತಕದ ಪುಟವನ್ನೇ ಗಮನಿಸಿ. 1812ರ ಕೊನೆಯವರೆಗೆ ದೀಕ್ಷಾಸ್ನಾನ ಎಂದರೆ ಸಾಮಾನ್ಯವಾಗಿ ಕೈಬರಹದ ಒಂದು ಸಾಲು: ತಾರೀಖು, ‘ವಿಲಿಯಂ, ಜಾನ್ ಮತ್ತು ಮೇರಿಯ ಮಗ’, ಮನೆತನದ ಹೆಸರು, ಅಷ್ಟೆ. ಯಾವ ಹೊಲಮನೆಯ ಜಾನ್, ಏನು ಕೆಲಸದ ಜಾನ್ ಎಂದು ಪಾದ್ರಿಯವರು ಬರೆಯುತ್ತಿದ್ದುದು ಅಪರೂಪ. ಊರಿನ ಎಲ್ಲರೂ ಅವರಿಗೆ ಗೊತ್ತಿದ್ದವರೇ. 1813ರ ಜನವರಿ 1ರಿಂದ ಹೊಸ ಕಾನೂನಿನಂತೆ ಅಚ್ಚು ಹಾಕಿದ ಪುಸ್ತಕಗಳು ಬಂದವು. ಪುಟಕ್ಕೆ ಎಂಟು ನಮೂದು, ದೀಕ್ಷಾಸ್ನಾನದಲ್ಲಿ ತಂದೆಯ ವಾಸ ಮತ್ತು ಉದ್ಯೋಗ, ಸಮಾಧಿಯಲ್ಲಿ ಸತ್ತವರ ವಾಸ ಮತ್ತು ವಯಸ್ಸು. ಆದ್ದರಿಂದ 1811ರಲ್ಲಿ ಹುಟ್ಟಿ 1814ರಲ್ಲಿ ತೀರಿಕೊಂಡ ಮಗುವನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ: ಹೆಸರಿನ ಮುಂದೆ ಊರ ಹೊಲಮನೆಯ ಹೆಸರು, ಅದರ ಮುಂದೆ ‘3’ ಎಂಬ ಅಂಕಿ. ಹಾಗೆ ಕಂಡರೆ ಅದೇ ತಂದೆತಾಯಿಗೆ ಆಮೇಲೆ ಹುಟ್ಟಿದ ಮಕ್ಕಳನ್ನೂ ನೋಡಿ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು. ಒಂದೇ ದಂಪತಿಗೆ ಇಬ್ಬರು ವಿಲಿಯಂಗಳು ಸಿಕ್ಕರೆ ಮೊದಲನೆಯವನು ಉಳಿದಿಲ್ಲವೆಂದೇ ಹೆಚ್ಚಾಗಿ ತಿಳಿಯಬೇಕು.

ಒಂದು ಕುಟುಂಬದವರು ನನಗೆ ಚರ್ಮದ ಹೊದಿಕೆಯ ದಪ್ಪ ವಂಶಾವಳಿಯೊಂದನ್ನು ತಂದು ತೋರಿಸಿದ್ದರು. ಸಾಕಷ್ಟು ಹಣ ತೆತ್ತು ಯಾವುದೋ ಸಂಸ್ಥೆಯಿಂದ ಮಾಡಿಸಿದ್ದು. ಅದರಲ್ಲಿ ಒಂಬತ್ತು ಮಕ್ಕಳ ತಂದೆ ಎಂದು ತೋರಿಸಿದ್ದವನನ್ನು ಹದಿನಾಲ್ಕು ತಿಂಗಳ ಕೂಸಾಗಿದ್ದಾಗಲೇ ಹೂಳಲಾಗಿತ್ತು. ಆ ನಮೂದು ಅದೇ ಪ್ಯಾರಿಷ್‌ನ ಸಮಾಧಿ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಅರ್ಧ ಗಂಟೆಯ ಕೆಲಸ ಮಾಡದೆ ಜನರ ಹಣವನ್ನೂ ಅವರ ನಂಬಿಕೆಯನ್ನೂ ತಿಂದವರನ್ನು ನಾನು ಸಂಶೋಧಕರೆಂದು ಕರೆಯಲಾರೆ. ಅಂತರಜಾಲದ ವಂಶವೃಕ್ಷಗಳೂ ಬಹುಪಾಲು ಹೀಗೆಯೇ ಬೆಳೆದಿವೆ. ಒಬ್ಬರ ಊಹೆಯನ್ನು ಹತ್ತು ಮಂದಿ ನಕಲು ಮಾಡಿದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗುವುದಿಲ್ಲ.

ಮಗು ಬದುಕಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಅದೇ ನಿಮ್ಮ ವಿಲಿಯಂ ಎಂದು ಸಿದ್ಧವಾಗಲಿಲ್ಲ. ಝೆನ್ನರ್ ಕಡಲ ಅಂಚಿನ ಚಿಕ್ಕ ಪ್ಯಾರಿಷ್, ಮಗ್ಗುಲಲ್ಲೇ ಟೊವೆಡ್ನ್ಯಾಕ್, ಮೊರ್ವಾ, ಮ್ಯಾಡ್ರನ್, ಗಲ್ವಲ್ ಇವೆ. ತಾಯಿಯ ತವರಿನ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದ್ದರೆ ಅದು ಝೆನ್ನರ್ ಪುಸ್ತಕದಲ್ಲಿ ಇರುವುದೇ ಇಲ್ಲ. ಕಾರ್ನ್‌ವಾಲ್‌ನ ಗಣಿಗಾರರಲ್ಲಿ ಮೆಥಡಿಸ್ಟರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಪಂಥದವರು, ಬಹಳ ಮಂದಿ; ಅವರ 1837ರ ಹಿಂದಿನ ಎಷ್ಟೋ ಪುಸ್ತಕಗಳು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ಪ್ಯಾರಿಷ್ ಪುಸ್ತಕದಲ್ಲಿ ಹಾಳೆ ಹರಿದಿದ್ದರೆ ಬಿಷಪ್ಪರ ಕಚೇರಿಗೆ ವರ್ಷಕ್ಕೊಮ್ಮೆ ಕಳುಹಿಸುತ್ತಿದ್ದ ಪ್ರತಿಯನ್ನು ಕೇಳಿ. ಆ ಕಾಲದಲ್ಲಿ ಕಾರ್ನ್‌ವಾಲ್ ಎಕ್ಸೆಟರ್ ಬಿಷಪ್ಪರ ಅಧೀನದಲ್ಲಿತ್ತು ಎಂಬುದನ್ನು ಮರೆಯದಿರಿ. ಇದಲ್ಲದೆ ಅಣ್ಣತಮ್ಮಂದಿರು ತಮ್ಮ ಮಕ್ಕಳಿಗೆ ಅಜ್ಜನ ಒಂದೇ ಹೆಸರನ್ನಿಟ್ಟು, ಒಂದೇ ವಯಸ್ಸಿನ ಇಬ್ಬರು ವಿಲಿಯಂಗಳು ಅಕ್ಕಪಕ್ಕದ ಮನೆಗಳಲ್ಲಿ ಬೆಳೆಯುವುದು ಇಂಥ ಊರುಗಳಲ್ಲಿ ನಾನು ಪದೇ ಪದೇ ಕಂಡಿರುವ ಸಂಗತಿ.

ಇದನ್ನೆಲ್ಲ ಬಿಡಿಸಬಲ್ಲ ಕಾಗದ ಒಂದಿದೆ, ನೀವು ಇನ್ನೂ ಅದನ್ನು ತರಿಸಿಲ್ಲ: ವಿಲಿಯಂನ ಸ್ವಂತ ಮದುವೆಯ ದಾಖಲೆ. 1837ರ ಜುಲೈ 1ರಿಂದ ಇಂಗ್ಲೆಂಡಿನ ಮದುವೆ ನಮೂದುಗಳಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ಉದ್ಯೋಗವೂ ಇರುತ್ತದೆ. ನಿಮ್ಮ ವಿಲಿಯಂ ಅದಾದ ಮೇಲೆ ಮದುವೆಯಾಗಿದ್ದರೆ ತಂದೆ ದೀಕ್ಷಾಸ್ನಾನದ ಸಾಲಿನ ಜಾನ್ ಹೌದೋ ಅಲ್ಲವೋ ಅಲ್ಲಿಯೇ ತಿಳಿಯುತ್ತದೆ. ಅಲ್ಲಿ ‘ಥಾಮಸ್, ರೈತ’ ಎಂದಿದ್ದರೆ 1811ರ ಕೂಸನ್ನು ಮರುಮಾತಿಲ್ಲದೆ ಬಿಟ್ಟುಬಿಡಿ. 1841ರ ಜನಗಣತಿಯ ವಯಸ್ಸನ್ನು ಮಾತ್ರ ಆಧಾರವಾಗಿ ಹಿಡಿಯಬೇಡಿ, ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವುದು ಆಗಿನ ನಿಯಮವಾಗಿತ್ತು. ನಾನಾಗಿದ್ದರೆ ಮದುವೆಯ ಕಾಗದ ಕೈಗೆ ಬರುವವರೆಗೆ ವಂಶವೃಕ್ಷದಲ್ಲಿ ವಿಲಿಯಂನ ಮೇಲಿನ ಜಾಗವನ್ನು ಖಾಲಿ ಬಿಡುತ್ತಿದ್ದೆ.

ಪ್ರಶ್ನೆ: ನಮ್ಮ ಮನೆತನದ ಹೆಸರಿಗೆ ಸೇರಿದ ಲಾಂಛನವನ್ನು ಚೌಕಟ್ಟು ಹಾಕಿಸಿ ಮಾರುತ್ತಿದ್ದಾರೆ, ಕೊಳ್ಳಬಹುದೆ?

ಉತ್ತರ: ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಅದೇ ಹೆಸರಿನ ಎಲ್ಲರಿಗೂ ಅಲ್ಲ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಈ ಪುಸ್ತಕಗಳ ಗೋಜು ತಪ್ಪುವುದಿಲ್ಲವೆ?

ಉತ್ತರ: ಇಲ್ಲ. ಅದು ದೂರದ ದಾಯಾದಿಯನ್ನು ತೋರಿಸಬಹುದು, ನೀವಿಬ್ಬರೂ ಯಾರ ಮೂಲಕ ದಾಯಾದಿಗಳು ಎಂಬುದನ್ನು ಪುಸ್ತಕವೇ ಹೇಳಬೇಕು.

ಪ್ರಶ್ನೆ: ರಿಜಿಸ್ಟರಿನಲ್ಲಿ ಹೆಸರಿನ ಕಾಗುಣಿತ ನಮ್ಮದಕ್ಕಿಂತ ಬೇರೆ ಇದೆ. ಅವರು ನಮ್ಮವರಲ್ಲವೆ?

ಉತ್ತರ: ಪಾದ್ರಿಯವರು ಕಿವಿಗೆ ಕೇಳಿದಂತೆ ಬರೆದುಕೊಂಡರು. ಕಾಗುಣಿತ ನೋಡಿ ಯಾರನ್ನೂ ಸೇರಿಸಬೇಡಿ, ಯಾರನ್ನೂ ಹೊರಗಿಡಬೇಡಿ.

ಪ್ರಶ್ನೆ: ತಂದೆತಾಯಿಯ ಮದುವೆ 1730ರ ಏಪ್ರಿಲ್‌ನಲ್ಲಿ, ಮಗುವಿನ ದೀಕ್ಷಾಸ್ನಾನ 1730ರ ಫೆಬ್ರವರಿಯಲ್ಲಿ ಎಂದಿದೆ. ಮನೆಯವರಿಗೆ ಇದನ್ನು ಹೇಗೆ ಹೇಳುವುದು?

ಉತ್ತರ: ಮುಚ್ಚಿಡುವಂಥದ್ದೇನೂ ಇಲ್ಲ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆದ್ದರಿಂದ ಆ ಫೆಬ್ರವರಿ ಏಪ್ರಿಲ್ ಆದ ಹತ್ತು ತಿಂಗಳಿಗೆ ಬಂತು; ನಮ್ಮ ಲೆಕ್ಕದಲ್ಲಿ ಅದು 1731.

ಪ್ರಶ್ನೆ: ಮುಂದಿನ ಬೇಸಿಗೆಯಲ್ಲಿ ಝೆನ್ನರ್‌ಗೆ ಹೋಗುತ್ತಿದ್ದೇವೆ. ಚರ್ಚಿನಲ್ಲಿ ಹಳೆಯ ಪುಸ್ತಕ ತೋರಿಸುತ್ತಾರೆಯೆ?

ಉತ್ತರ: ಪುಸ್ತಕ ಅಲ್ಲಿರುವುದಿಲ್ಲ, ಪಾದ್ರಿಯವರಿಗೆ ಪತ್ರ ಬರೆದು ತೊಂದರೆ ಕೊಡಬೇಡಿ. 1978ರ ಚರ್ಚ್ ಕಾನೂನು ಬಂದ ಮೇಲೆ ನೂರು ವರ್ಷ ದಾಟಿದ ರಿಜಿಸ್ಟರ್‌ಗಳು ಸಾಮಾನ್ಯವಾಗಿ ಜಿಲ್ಲೆಯ ದಾಖಲಾಗಾರಕ್ಕೆ ಹೋಗಿವೆ. ಕಾರ್ನ್‌ವಾಲ್‌ನದು ರೆಡ್ರುತ್ ಊರಿನ ಕ್ರೆಸೆನ್ ಕೆರ್ನೊ. ಚರ್ಚಿನ ಅಂಗಳಕ್ಕೆ ಸಮಾಧಿಗಲ್ಲುಗಳಿಗಾಗಿ ಹೋಗಿ, ಆದರೆ ಬಡ ಗಣಿಗಾರರಲ್ಲಿ ಅನೇಕರಿಗೆ ಕಲ್ಲು ಇರಲಿಲ್ಲ ಎಂಬ ಅರಿವಿರಲಿ. ಕಲ್ಲಿನ ಮೇಲಿನ ಕಲ್ಲುಹೂವನ್ನು ತಂತಿಯ ಬ್ರಷ್ಷಿನಿಂದ ಉಜ್ಜಬೇಡಿ, ಅಕ್ಷರ ಕಾಣಲೆಂದು ಸೋಪಿನ ನೊರೆಯನ್ನೋ ಸೀಮೆಸುಣ್ಣವನ್ನೋ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನಿಂತು, ಸಣ್ಣ ಕನ್ನಡಿಯೊಂದರಿಂದ ಬೆಳಕನ್ನು ಅಡ್ಡಲಾಗಿ ಹಾಯಿಸಿ ಫೋಟೊ ತೆಗೆಯಿರಿ. ಸವೆದ ಅಕ್ಷರಗಳೂ ಆ ಬೆಳಕಿನಲ್ಲಿ ಏಳುತ್ತವೆ.