ಹೊಸದಾಗಿ ತಂಡದ ಹೊಣೆ ಹೊತ್ತವರು ದಿನವೂ ಪಾಲಿಸಬೇಕಾದ ಅಭ್ಯಾಸಗಳು ಯಾವುವು?

ಕುಶಾಲನಗರದ ಘಟಕವೊಂದರಲ್ಲಿ ಎಂಟು ಜನರ ತಂಡಕ್ಕೆ ಮುಖ್ಯಸ್ಥರಾಗಿ ಬಡ್ತಿ ಪಡೆದಿರುವ ನೀವು, ನಿನ್ನೆಯವರೆಗೆ ಜೊತೆಯಲ್ಲಿ ದುಡಿದವರಿಂದ ಇನ್ನು ಮುಂದೆ ಕೆಲಸ ಮಾಡಿಸಲು ಯಾವ ಅಭ್ಯಾಸಗಳನ್ನು ರೂಢಿಸಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಕೊಡಗಿನಲ್ಲಿ ವಿದ್ಯುತ್ ಮಾರ್ಗಗಳ ದುರಸ್ತಿ ತಂಡವೊಂದರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೇನೆ. ನಮ್ಮಿಬ್ಬರ ಕೆಲಸ ಬೇರೆ ಬೇರೆಯಾದರೂ ತಂಡ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ನಾನು ನೋಡುವುದು ಒಂದನ್ನೇ: ಕೆಟ್ಟ ಸುದ್ದಿ ಮುಖ್ಯಸ್ಥನ ಕಿವಿಗೆ ಎಷ್ಟು ಬೇಗ ಬೀಳುತ್ತದೆ? ಕೆಳಗೆ ಹೇಳಿರುವುದೆಲ್ಲ ಬಹುಮಟ್ಟಿಗೆ ಆ ದಾರಿಯನ್ನು ತೆರೆದಿಡುವ ಕೆಲಸವೇ.

ಬೆಳಿಗ್ಗೆ ವಾಹನ ಹತ್ತುವ ಮೊದಲು ಹತ್ತು ನಿಮಿಷ ನಾವೆಲ್ಲ ನಿಂತುಕೊಂಡೇ ಮಾತನಾಡುತ್ತೇವೆ. ಯಾವ ಫೀಡರ್‌ನಲ್ಲಿ (ಉಪಕೇಂದ್ರದಿಂದ ಹೊರಡುವ ಮಾರ್ಗ) ಕೆಲಸ, ಕಂಬ ಹತ್ತುವವರು ಯಾರು, ಕೆಳಗೆ ನಿಂತು ನೋಡುವವರು ಯಾರು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಈ ಮಾತುಕತೆಯಲ್ಲಿ ಎರಡು ನಿಯಮಗಳನ್ನು ನಾನು ಬಿಡುವುದಿಲ್ಲ. ಮೊದಲನೆಯದು, ಎಲ್ಲರಿಗಿಂತ ಕಿರಿಯನು ಮೊದಲು ಮಾತನಾಡಬೇಕು. ಹಿರಿಯ ಲೈನ್‌ಮ್ಯಾನ್ ಒಮ್ಮೆ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆಯೇ ಹೊರತು ತಮಗೆ ಕಂಡದ್ದನ್ನು ಹೇಳುವುದಿಲ್ಲ. ಎರಡನೆಯದು, ಕೆಲಸ ಒಪ್ಪಿಕೊಂಡವನು ತಾನು ಏನು ಮಾಡಲಿದ್ದೇನೆ ಎಂಬುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುವವರೂ ಉತ್ತರ ಕರ್ನಾಟಕದಿಂದ ಬಂದವರೂ ಒಂದೇ ತಂಡದಲ್ಲಿರುವಾಗ, 'ಅರ್ಥವಾಯಿತೇ?' ಎಂಬ ಪ್ರಶ್ನೆಗೆ 'ಹೂಂ' ಎಂಬ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ.

ಇಷ್ಟು ಬಿಗಿ ಏಕೆ ಎಂದು ನಿಮಗೆ ಅನ್ನಿಸಬಹುದು. ಮಾರ್ಗದಲ್ಲಿ ಕೆಲಸ ಮಾಡುವ ಮೊದಲು ಉಪಕೇಂದ್ರದಿಂದ ಲೈನ್ ಕ್ಲಿಯರ್, ಅಂದರೆ ಸರಬರಾಜು ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ಪಡೆಯಬೇಕು. ಸರಬರಾಜು ನಿಂತಿದೆ ಎಂದು ಸ್ವತಃ ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ತಿಂಗ್ ಮಾಡಬೇಕು, ಅಂದರೆ ತಂತಿಗಳನ್ನು ನೆಲಕ್ಕೆ ಜೋಡಿಸಬೇಕು. ಉಪಕೇಂದ್ರದಲ್ಲಿ ಸ್ವಿಚ್ ತೆಗೆದಿದ್ದರೂ ಅಪಾಯ ಮುಗಿದಿರುವುದಿಲ್ಲ, ಏಕೆಂದರೆ ನಮ್ಮಲ್ಲಿ ಎಸ್ಟೇಟುಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಜನರೇಟರ್‌ಗಳು ಸಾಮಾನ್ಯ, ಮತ್ತು ಸರಿಯಾಗಿ ಜೋಡಿಸದ ಒಂದು ಜನರೇಟರ್ ಸತ್ತ ಮಾರ್ಗಕ್ಕೆ ಹಿಂದಿನಿಂದ ವಿದ್ಯುತ್ ಹರಿಸಬಲ್ಲದು. ಕೆಲಸ ಮುಗಿದ ಮೇಲೆ ಲೈನ್ ಕ್ಲಿಯರನ್ನು ಯಾರು ಪಡೆದರೋ ಅವರೇ ಹಿಂತಿರುಗಿಸಬೇಕು. ಈ ಕೊನೆಯ ನಿಯಮವನ್ನು ಯಾವ ಕಚೇರಿಯೂ ಎರವಲು ಪಡೆಯಬಹುದು: ಒಂದು ಕೆಲಸಕ್ಕೆ ಒಂದೇ ಹೆಸರು, ಆರಂಭಿಸಿದವರೇ 'ಮುಗಿಯಿತು' ಎಂದು ಹೇಳುವವರು. 'ಇಬ್ಬರೂ ಸೇರಿ ನೋಡಿಕೊಳ್ಳಿ' ಎಂದು ಒಪ್ಪಿಸಿದ ಕೆಲಸವನ್ನು ಹೆಚ್ಚಿನ ವೇಳೆ ಇಬ್ಬರೂ ನೋಡಿಕೊಳ್ಳುವುದಿಲ್ಲ.

ಇನ್ನು ಕೆಟ್ಟ ಸುದ್ದಿಯ ವಿಚಾರ. ಹಾರ್ವರ್ಡ್ ವಿಶ್ವವಿದ್ಯಾಲಯದ ಆ್ಯಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬ ನಿರೀಕ್ಷೆಗೆ ವಿರುದ್ಧವಾಗಿ ಆ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ತಪ್ಪುಗಳನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಆದ್ದರಿಂದ ನಿಮ್ಮ ತಂಡದಲ್ಲಿ ವಾರವಿಡೀ ಒಂದು ದೂರೂ ಬರದಿದ್ದರೆ ಸಂತೋಷಪಡುವ ಬದಲು ಸ್ವಲ್ಪ ಅನುಮಾನಪಡಿ. ಯಾರಾದರೂ ಬಂದು 'ಹೀಗಾಗಿಬಿಟ್ಟಿದೆ ಸಾರ್' ಎಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯವನ್ನು ಈಗಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ನನ್ನದು 'ಹೇಳಿದ್ದು ಒಳ್ಳೆಯದಾಯಿತು, ಈಗ ಎಲ್ಲಿದೆ ಪರಿಸ್ಥಿತಿ?' ಎಂಬುದು. ಯಾರದು ತಪ್ಪು ಎಂಬ ವಿಚಾರಣೆ ಸಂಜೆಗೆ ಇರಲಿ, ಅದೂ ಬಾಗಿಲು ಮುಚ್ಚಿ, ಸಂಬಂಧಪಟ್ಟವರೊಡನೆ ಮಾತ್ರ. ಹಾಗೆಂದು ವಿಚಾರಣೆಯನ್ನೇ ಕೈಬಿಡಬೇಡಿ. ನಿಯಮ ಮುರಿದವನಿಗೂ ನಿಯಮ ಪಾಲಿಸಿ ಎಡವಿದವನಿಗೂ ವ್ಯತ್ಯಾಸವಿಲ್ಲ ಎಂದಾದರೆ ಎರಡನೆಯವನಿಗೆ ಅನ್ಯಾಯವಾಗುತ್ತದೆ.

ನಾಯಕನಾದವನು ಎಲ್ಲದರಲ್ಲೂ ಮುಂದಿರಬೇಕು ಎಂಬ ಮಾತನ್ನು ನೀವು ಈಗಾಗಲೇ ಕೇಳಿರುತ್ತೀರಿ. ಕೊಡಗಿನಲ್ಲಿ ಈ ಮಾತು ಬಂದಾಗಲೆಲ್ಲ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರ ಹೆಸರು ಬರುತ್ತದೆ. ಕಾಶ್ಮೀರ ಯುದ್ಧದ ವೇಳೆ, 1948ರ ನವೆಂಬರ್‌ನಲ್ಲಿ 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆಮಾರ್ಗದಲ್ಲಿ ನಡೆದ ದಾಳಿಯಲ್ಲಿ, ಸೇನೆಯ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ಅವರು ಮುಂಚೂಣಿಯ ಟ್ಯಾಂಕಿನಲ್ಲಿಯೇ ಸಾಗಿದರು. ಅದು ದೊಡ್ಡ ಮಾತೇ. ಆದರೆ ಅಂಥ ದಿನಗಳು ಅಪರೂಪ. ದಿನವೂ ನಾನೇ ಕಂಬ ಹತ್ತಿದರೆ ಕೆಳಗೆ ನಿಂತು ಇಡೀ ಕೆಲಸವನ್ನು ಗಮನಿಸುವವರೇ ಇರುವುದಿಲ್ಲ, ಕಿರಿಯರು ಕಲಿಯುವುದೂ ಇಲ್ಲ. ಬಡ್ತಿ ಪಡೆದವರಲ್ಲಿ ಒಳ್ಳೆಯ ಕೆಲಸಗಾರರೇ ಈ ಬಲೆಗೆ ಬೇಗ ಬೀಳುತ್ತಾರೆ, ಏಕೆಂದರೆ ಇನ್ನೊಬ್ಬರು ನಿಧಾನವಾಗಿ ಮಾಡುವುದನ್ನು ನೋಡುತ್ತಾ ನಿಲ್ಲುವುದು ಅವರಿಗೆ ಕಷ್ಟ. ಆಷಾಢದ ಮಳೆಯಲ್ಲಿ, ಮಧ್ಯರಾತ್ರಿ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದಾಗ ಅವರೊಡನೆ ಅಲ್ಲಿ ಇರಿ, ಅಷ್ಟು ಸಾಕು.

ರಜೆಯ ಲೆಕ್ಕವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿ. ಪುತ್ತರಿಗೆ ಯಾರು, ಓಣಂಗೆ ಯಾರು, ಊರಿನ ಜಾತ್ರೆಗೆಂದು ದೂರದ ಬಾಗಲಕೋಟೆಗೆ ಹೋಗುವವರು ಯಾರು ಎಂಬುದು ಮೊದಲೇ ತಿಳಿದಿದ್ದರೆ ಪಕ್ಷಪಾತದ ಗುಸುಗುಸು ಅರ್ಧ ಕಡಿಮೆಯಾಗುತ್ತದೆ. ಯಾರಿಗಾದರೂ ಏನನ್ನಾದರೂ ಮಾಡಿಕೊಡುವುದಾಗಿ ಹೇಳಿದರೆ ತಕ್ಷಣ ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳಿ. ಕೈಗವಸು ಹರಿದಿದೆ ಎಂಬಂಥ ಸಣ್ಣ ಬೇಡಿಕೆಗಳನ್ನೇ ನಾವು ಮರೆಯುವುದು, ಅವರು ನೆನಪಿಟ್ಟುಕೊಳ್ಳುವುದು. ನಿಮಗಿಂತ ಹಿರಿಯರನ್ನು ಇದುವರೆಗೆ 'ಅಣ್ಣ' ಎನ್ನುತ್ತಿದ್ದರೆ ಬಡ್ತಿಯ ನಂತರವೂ ಹಾಗೆಯೇ ಕರೆಯಿರಿ. ಅವರೊಡನೆ ಚಹಾ ಕುಡಿಯುವುದನ್ನೂ ನಿಲ್ಲಿಸಬೇಡಿ, ಆದರೆ ಒಬ್ಬರ ವಿಷಯವನ್ನು ಇನ್ನೊಬ್ಬರ ಮುಂದೆ ಆಡುವುದನ್ನು ಇಂದೇ ನಿಲ್ಲಿಸಿ.

ವಾಟ್ಸ್‌ಆ್ಯಪ್ ಗುಂಪು ಮಾಡಲೇ ಎಂದೂ ಕೇಳಿದ್ದೀರಿ. ಮಾಡಿ, ಆದರೆ ಅದರಲ್ಲಿ ವೇಳಾಪಟ್ಟಿ ಮತ್ತು ಮಾಹಿತಿ ಮಾತ್ರ ಇರಲಿ, ಗದರಿಕೆ ಬೇಡ. ತುರ್ತಾದದ್ದಕ್ಕೆ ಕರೆ ಮಾಡಿ ಮಾತನಾಡಿ. ಮೇಲೆ ಹೇಳಿದ್ದನ್ನೆಲ್ಲ ಮೊದಲ ವಾರದಲ್ಲಿಯೇ ಒಟ್ಟಿಗೆ ಜಾರಿಗೆ ತಂದರೆ 'ಹೊಸ ಸಾಹೇಬರ ಹೊಸ ಕಾನೂನು' ಎಂದು ನಗುತ್ತಾರೆ. ಬೆಳಗಿನ ಹತ್ತು ನಿಮಿಷದಿಂದ ಆರಂಭಿಸಿ, ಅದು ನೀವು ರಜೆಯಲ್ಲಿದ್ದ ದಿನವೂ ತಾನಾಗಿ ನಡೆಯುವಂತಾದ ಮೇಲೆ ಮುಂದಿನದಕ್ಕೆ ಕೈಹಾಕಿ.