ಆಯಿಶಾ ಎಂಬ ಹೆಸರಿನ ಅರ್ಥ ಏನು? ಈಗಲೂ ಮಕ್ಕಳಿಗೆ ಇಡುತ್ತಾರಾ?

ನಿಮ್ಮ ತಂಗಿ ಮಗಳಿಗೆ ಆಯಿಶಾ ಅಂತ ಇಡುವ ಮನಸ್ಸಿದೆ, ಅರ್ಥ ಏನು, ಹೆಸರು ಹಳೆಯದಾಯ್ತಾ ಅಂತ ಕೇಳಿದ್ದೀರಿ. ನನ್ನ ಅಜ್ಜಿಯ ಹೆಸರು ಇದೇ. ಹಾಗಾಗಿ ಸುಮ್ನೆ ಓದಿ ಮುಂದೆ ಹೋಗಲು ಆಗಲಿಲ್ಲ.

ಆಯಿಶಾ ಅಂದರೆ ‘ಬದುಕಿರುವವಳು’, ‘ಬಾಳುವವಳು’. ತುಂಬಾ ಕಡೆ ‘ಜೀವನ’ ಅಂತ ಬರೆದಿರುತ್ತಾರೆ, ಅದು ಪೂರ್ತಿ ಸರಿಯಲ್ಲ. ಅರಬ್ಬಿಯಲ್ಲಿ ಬದುಕಿಗೆ ‘ಐಶ್’ ಎಂಬ ಪದ ಇದೆ. ಆ ಬದುಕನ್ನು ಬಾಳುವವಳು ಆಯಿಶಾ. ಈ ಐಶ್ ನಮಗೆ ಹೊಸದೇನಲ್ಲ. ಕನ್ನಡದ ‘ಐಷಾರಾಮ’ದ ಒಳಗಿರುವುದು ಇದೇ ಪದ, ಪರ್ಷಿಯನ್ ದಾರಿಯಲ್ಲಿ ಬಂದದ್ದು. ಈಜಿಪ್ಟಿನಲ್ಲಂತೂ ರೊಟ್ಟಿಗೇ ‘ಏಶ್’ ಅನ್ನುತ್ತಾರೆ. ಅಲ್ಲಿ ಬದುಕು, ರೊಟ್ಟಿ ಎರಡಕ್ಕೂ ಬೇರು ಒಂದೇ.

ಅಜ್ಜಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲವಂತೆ. ಇವಳಾದರೂ ಬದುಕಲಿ ಅಂತ ಆಯಿಶಾ ಎಂದು ಹೆಸರಿಟ್ಟರು. ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪಮ್ಮ, ತಿಪ್ಪಣ್ಣ ಅಂತ ಇಡುತ್ತಿದ್ದರಲ್ವಾ, ಅದೇ ಆಸೆ. ಅಜ್ಜಿ ಎಂಬತ್ತು ದಾಟಿ ಬಾಳಿದರು. ಆದರೆ ಊರಲ್ಲಿ ಯಾರೂ ಅವರನ್ನು ಆಯಿಶಾ ಎನ್ನಲಿಲ್ಲ. ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಖದೀಜಾ ಕದೀಜಮ್ಮ ಆದ ಹಾಗೆ ಆಯಿಶಾ ಐಸಮ್ಮ ಆಗುತ್ತಾಳೆ.

ಹೆಸರು ಇಷ್ಟು ಹರಡಿದ್ದು ಬೀಬಿ ಆಯಿಶಾ ಅವರಿಂದ. ಅಬೂಬಕರ್ ಅವರ ಮಗಳು, ಪ್ರವಾದಿ ಮುಹಮ್ಮದರ ಪತ್ನಿ. ಅವರಿಂದ 2210 ಹದೀಸ್‌ಗಳು, ಅಂದರೆ ಪ್ರವಾದಿಯವರ ನಡೆ-ನುಡಿಗಳ ವರದಿಗಳು, ಬಂದಿವೆ ಎಂದು ಲೆಕ್ಕ. ಪ್ರವಾದಿಯವರ ಜೊತೆಗಾರರೇ ಸಂದೇಹ ಬಂದರೆ ಅವರನ್ನು ಕೇಳುತ್ತಿದ್ದರು. ಹೆಣ್ಣುಮಗುವಿಗೆ ಒಬ್ಬ ವಿದ್ವಾಂಸೆಯ ಹೆಸರು ಸಿಗುತ್ತದಲ್ಲ, ನನಗೆ ಅದು ಅರ್ಥಕ್ಕಿಂತಲೂ ಜಾಸ್ತಿ ಇಷ್ಟ.

ಟರ್ಕಿಯಲ್ಲಿ ಈ ಹೆಸರು ಆಯ್ಶೆ. ಸೆನೆಗಲ್‌ನಲ್ಲಿ ಐಸಾತು. ಪೂರ್ವ ಆಫ್ರಿಕಾದಲ್ಲಿ ಆಶಾ, ಆದರೆ ನಮ್ಮ ಆಶಾಳಿಗೂ ಅದಕ್ಕೂ ಸಂಬಂಧ ಇಲ್ಲ. ಇರಾನಿನ ಶಿಯಾ ಮನೆಗಳಲ್ಲಿ ಮಾತ್ರ ಅಪರೂಪ. 656ರಲ್ಲಿ ಬಸ್ರಾ ಬಳಿ ನಡೆದ ಯುದ್ಧದಲ್ಲಿ ಬೀಬಿ ಆಯಿಶಾ, ಶಿಯಾಗಳು ತಮ್ಮ ಮೊದಲ ಇಮಾಮ್ ಎಂದು ನಂಬುವ ಅಲಿಯವರ ಎದುರು ಪಕ್ಷದಲ್ಲಿದ್ದರು. ಆ ನೋವು ಇನ್ನೂ ಉಳಿದಿದೆ.

ಹಳೆಯದಾಯ್ತಾ ಅಂದಿರಿ. ಖಂಡಿತ ಇಲ್ಲ. ನನ್ನ ಅಣ್ಣನ ಮಗಳೂ ಆಯಿಶಾ. ಅವಳ ಕ್ಲಾಸಿನಲ್ಲೇ ಮೂವರು ಆಯಿಶಾ ಇದ್ದಾರೆ, ಟೀಚರ್ ಅಪ್ಪನ ಹೆಸರು ಸೇರಿಸಿ ಕರೆಯುತ್ತಾರೆ. ಇನ್ನೊಬ್ಬರಿಗಿಲ್ಲದ ಹೆಸರೇ ಬೇಕು ಎನ್ನುವವರಿಗೆ ಇದು ಹಿಡಿಸದೇ ಇರಬಹುದು.

ಒಂದು ಮಾತು ಮಾತ್ರ ನಿಮ್ಮ ತಂಗಿಗೆ ಮರೆಯದೆ ಹೇಳಿ. ಅರಬ್ಬಿಯಲ್ಲಿ ಈ ಹೆಸರಿನ ಮೊದಲ ಅಕ್ಷರ ಗಂಟಲಿನಿಂದ ಬರುವ ‘ಐನ್’. ಅದು ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಅದಕ್ಕೇ ಆಯಿಶಾ, ಆಯಿಷಾ, ಆಯೇಷಾ, ಐಶಾ ಅಂತ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ. ಯಾವುದೂ ತಪ್ಪಲ್ಲ. ಆದರೆ ಅಣ್ಣನ ಮಗಳ ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಸ್ಪೆಲಿಂಗ್ ಬಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಅಫಿಡವಿಟ್ ಹಿಡಿದು ಎರಡು ತಿಂಗಳು ಅಲೆದೆವು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಯಬೇಕು ಅಂತ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ, ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಕೊಡಲಿ.